ಎದೆಬಡಿತದ ಲಯ ತಪ್ಪಿದವರಿಗೆ ನಡಿಗೆ: ರಕ್ತನಾಳ ಕಾಪಾಡಿಕೊಳ್ಳುವ ವರ್ಷದ ಅಭ್ಯಾಸ

ಇಸಿಜಿ ರಿಪೋರ್ಟಿನಲ್ಲಿ 'ಏಟ್ರಿಯಲ್ ಫಿಬ್ರಿಲೇಷನ್' (ಚಿಕ್ಕದಾಗಿ ಎಎಫ್, ಎದೆಬಡಿತದ ಲಯ ತಪ್ಪುವ ಕಾಯಿಲೆ) ಎಂದು ಬಂದ ದಿನದಿಂದ ಎಷ್ಟೋ ಮನೆಗಳಲ್ಲಿ ರೋಗಿಯನ್ನು ಕೂರಿಸಿಬಿಡುತ್ತಾರೆ. "ಮೆಟ್ಟಿಲು ಹತ್ತಬೇಡಿ, ಹಾಲು ನಾನು ತರ್ತೀನಿ, ವಾಕಿಂಗ್ ಗೀಕಿಂಗ್ ಎಲ್ಲ ಈಗ ಬೇಡ" ಅನ್ನುವುದು ಪ್ರೀತಿಯ ಮಾತೇ. ಆದರೆ ಹೀಗೆ ಕೂತವರ ತೂಕ ಏರುತ್ತದೆ, ಬಿಪಿ ಏರುತ್ತದೆ, ಕಾಲಿನ ಕಸುವು ಹೋಗುತ್ತದೆ. ತೂಕ ಮತ್ತು ಬಿಪಿ ಎರಡೂ ಎಎಫ್ ಕಾಯಿಲೆಯನ್ನು ಇನ್ನಷ್ಟು ಬೆಳೆಸುವಂಥವು. ಕಾಪಾಡಲು ಹೊರಟ ಕೆಲಸವೇ ಕಾಯಿಲೆಗೆ ಗೊಬ್ಬರವಾಗುತ್ತದೆ.

ವ್ಯಾಯಾಮ ಶುರುಮಾಡಿದವರದು ಇನ್ನೊಂದು ತಕರಾರು. ಒಂದು ತಿಂಗಳು ನಡೆದು, "ಬಡಿತ ಇನ್ನೂ ಹಾಗೇ ತಪ್ತಾ ಇದೆ, ಏನು ಪ್ರಯೋಜನ?" ಎಂದು ಬಿಟ್ಟುಬಿಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ನಡಿಗೆಯ ಫಲವನ್ನು ಬಡಿತದಲ್ಲಷ್ಟೇ ಹುಡುಕಬೇಡಿ, ರಕ್ತನಾಳಗಳಲ್ಲೂ ನೋಡಿ. ಲಯ ಮರಳಲಿ ಬಿಡಲಿ, ನಾಳಗಳಿಗೆ ಸಿಗುವ ಲಾಭ ಸಿಗುತ್ತಲೇ ಇರುತ್ತದೆ. ಅದು ಸಿಗಬೇಕಾದರೆ ಅಭ್ಯಾಸ ತಿಂಗಳುಗಟ್ಟಲೆ ತಪ್ಪದೆ ನಡೆಯಬೇಕು.

ನಾಳದ ಒಳಗೆ ಏನಾಗುತ್ತದೆ

ರಕ್ತನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ. ಇದರ ಹೆಸರು ಎಂಡೋಥೀಲಿಯಂ. ರಕ್ತ ಅದನ್ನು ಉಜ್ಜಿಕೊಂಡು ಹರಿಯುವಾಗ ಆ ಉಜ್ಜುವಿಕೆಯ ಬಲವನ್ನು ಈ ಪದರ ಗ್ರಹಿಸಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. ಆಗ ನಾಳದ ಸ್ನಾಯು ಸಡಿಲಗೊಂಡು ನಾಳ ಅಗಲವಾಗುತ್ತದೆ. ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟಿ ಹೆಪ್ಪುಗಟ್ಟುವುದೂ ಕಡಿಮೆಯಾಗುತ್ತದೆ. ಈ ಅನಿಲದ ಕೆಲಸವನ್ನು ಬಿಡಿಸಿ ತೋರಿಸಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು.

ಎಎಫ್ ಇದ್ದಾಗ ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಸಂಕೇತಗಳು ನಿಮಿಷಕ್ಕೆ 350ರಿಂದ 600 ಸಲ ಅಡ್ಡಾದಿಡ್ಡಿ ಹರಿದು ಕೋಣೆ ಬರೀ ನಡುಗುತ್ತದೆ. ಕೆಳಗಿನ ಕೋಣೆಗಳು ಗೊತ್ತುಗುರಿ ಇಲ್ಲದ ಅಂತರದಲ್ಲಿ ಮಿಡಿಯುತ್ತವೆ. ಒಂದು ಮಿಡಿತಕ್ಕೆ ತುಂಬ ರಕ್ತ ಹೊರಬಂದರೆ ಮುಂದಿನದಕ್ಕೆ ಅರ್ಧದಷ್ಟೇ ಬರಬಹುದು. ಹೀಗೆ ಹರಿವು ಏರುಪೇರಾದಾಗ ಒಳಪದರಕ್ಕೆ ಸರಿಯಾದ ಸೂಚನೆ ಸಿಗದೆ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ, ಉರಿಯೂತ ಏರುತ್ತದೆ. ಇದನ್ನು ಅಳೆಯುವ ಪರೀಕ್ಷೆಯೊಂದಿದೆ: ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ನಿಲ್ಲಿಸುತ್ತಾರೆ, ಬಿಟ್ಟ ಕೂಡಲೇ ನುಗ್ಗುವ ರಕ್ತಕ್ಕೆ ನಾಳ ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಎಎಫ್ ಇರುವವರಲ್ಲಿ ಈ ಹಿಗ್ಗುವಿಕೆ ಕಡಿಮೆ. ಇದು ಸಂಶೋಧನೆಗೆ ಬಳಸುವ ಪರೀಕ್ಷೆ, ನೀವು ಲ್ಯಾಬ್ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಬಿರುಸಾಗಿ ನಡೆದಾಗ ಕಾಲಿನ ನಾಳಗಳಲ್ಲಷ್ಟೇ ಅಲ್ಲ, ತೋಳಿನ ನಾಳಗಳಲ್ಲೂ ರಕ್ತದ ಹರಿವು ಹೆಚ್ಚುತ್ತದೆ. ಪ್ರತಿ ಸಲವೂ ಒಳಪದರಕ್ಕೆ ಒಳ್ಳೆಯ ಉಜ್ಜುವಿಕೆ ಸಿಗುತ್ತದೆ. ವಾರಗಳು ಕಳೆದಂತೆ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಹೆಚ್ಚುತ್ತದೆ, ತಿಂಗಳುಗಳ ಮೇಲೆ ನಾಳದ ರಚನೆಯೇ ಬದಲಾಗತೊಡಗುತ್ತದೆ. ನಿಲ್ಲಿಸಿದರೆ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ. ಹಾಗಾಗಿಯೇ ಈ ಲೇಖನದಲ್ಲಿ ವೇಗಕ್ಕಿಂತ ಬಿಡದೆ ಮಾಡುವುದರ ಮಾತೇ ಹೆಚ್ಚು.

ಲಯಕ್ಕೂ ಲಾಭವಿದೆಯೇ?

ಇದೆ. ನಾರ್ವೆಯ ಟ್ರಾಂಡೈಮ್‌ನಲ್ಲಿ ಬಂದು ಹೋಗುವ ಎಎಫ್ ಇದ್ದ 51 ಜನರ ಮೇಲೆ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. 12 ವಾರ ತರಬೇತಿ ಪಡೆದವರಲ್ಲಿ ಲಯ ತಪ್ಪಿರುತ್ತಿದ್ದ ಸಮಯ ಶೇ 8.1ರಿಂದ 4.8ಕ್ಕೆ ಇಳಿಯಿತು. ವ್ಯಾಯಾಮ ಮಾಡದ ಗುಂಪಿನಲ್ಲಿ ಅದು ಏರಿತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 120 ಜನರ ಮೇಲೆ ನಡೆದ 'ಆಕ್ಟಿವ್ ಎಎಫ್' ಪ್ರಯೋಗದಲ್ಲಿ ಆರು ತಿಂಗಳು ತರಬೇತಿ ಕೊಟ್ಟು, ವಾರಕ್ಕೆ 210 ನಿಮಿಷದ ಗುರಿ ಇಟ್ಟಿದ್ದರು. ವರ್ಷದ ಕೊನೆಗೆ ಎಎಫ್ ಮರುಕಳಿಸದೆ ಉಳಿದವರು ವ್ಯಾಯಾಮದ ಗುಂಪಿನಲ್ಲಿ ಶೇ 40, ಇನ್ನೊಂದರಲ್ಲಿ ಶೇ 20. ಶೇ 40 ಅಂದರೆ ನೂರರಲ್ಲಿ ಉಳಿದ 60 ಮಂದಿಗೆ ಎಎಫ್ ಮರುಕಳಿಸಿತು ಎಂದೂ ಓದಿಕೊಳ್ಳಿ. ವ್ಯಾಯಾಮವು ಮಾತ್ರೆ ಮತ್ತು ಅಬ್ಲೇಷನ್‌ (ಲಯ ಕೆಡಿಸುವ ಹೃದಯದ ಭಾಗವನ್ನು ನಳಿಕೆ ತೂರಿಸಿ ಸುಡುವ ಚಿಕಿತ್ಸೆ) ಜೊತೆಗೆ ಹೋಗುವಂಥದ್ದು, ಅವುಗಳ ಬದಲಿಗೆ ಅಲ್ಲ. ಲಯ ಕಾಯಂ ತಪ್ಪಿಯೇ ಇರುವವರ ಮೇಲೂ ಡೆನ್ಮಾರ್ಕಿನಲ್ಲಿ 12 ವಾರಗಳ ಪ್ರಯೋಗ ನಡೆದಿದೆ. ಅವರ ಲಯ ಸರಿಹೋಗದಿದ್ದರೂ ಕೆಲಸ ಮಾಡುವ ತ್ರಾಣ ಮತ್ತು ಜೀವನದ ನೆಮ್ಮದಿ ಹೆಚ್ಚಿದವು.

ಮೊದಲ ಹೆಜ್ಜೆ: ಡಾಕ್ಟರ ಬಳಿ ಕೇಳಬೇಕಾದದ್ದು

ಶೂ ಕಟ್ಟುವ ಮುನ್ನ ಒಮ್ಮೆ ಹೃದ್ರೋಗ ತಜ್ಞರನ್ನು ಕಾಣಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್, ಹಿಮೋಗ್ಲೋಬಿನ್ ರಿಪೋರ್ಟುಗಳು ಕೈಯಲ್ಲಿರಲಿ. ಥೈರಾಯ್ಡ್ ಹೆಚ್ಚಾಗಿದ್ದರೆ ಅದೇ ಎಎಫ್‌ಗೆ ಕಾರಣವಾಗಿರಬಹುದು. ರಕ್ತಹೀನತೆ ಇದ್ದರೆ ನಾಲ್ಕು ಹೆಜ್ಜೆಗೇ ಎದೆ ಡವಡವ ಅನ್ನುತ್ತದೆ. ಇವನ್ನು ಸರಿಪಡಿಸದೆ ನಡೆದರೆ ಬರೀ ಸುಸ್ತು.

ನಮ್ಮ ದೇಶದಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಕೇಳಲೇಬೇಕು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಎಎಫ್ ಬಂದವರು ಇಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ, ಅದರಲ್ಲೂ ವಯಸ್ಸಿನಲ್ಲಿ ಚಿಕ್ಕವರು. ಕವಾಟ ತೀರಾ ಕಿರಿದಾಗಿದ್ದರೆ ಬಡಿತ ಏರಿದಷ್ಟೂ ಹೃದಯ ತುಂಬಲು ಸಮಯ ಸಿಗದೆ ರಕ್ತ ಶ್ವಾಸಕೋಶದತ್ತ ಹಿಂದೊತ್ತುತ್ತದೆ. ಅಂಥವರು ಕವಾಟದ ಚಿಕಿತ್ಸೆ ಆಗುವವರೆಗೆ ಈ ಲೇಖನ ನೋಡಿ ವ್ಯಾಯಾಮ ಶುರುಮಾಡಬಾರದು. ವಿದೇಶದ ಪ್ರಯೋಗಗಳಲ್ಲಿ ಇದ್ದವರು ಇಂಥ ರೋಗಿಗಳಲ್ಲ.

ಸುಮ್ಮನೆ ಕೂತಾಗಲೂ ಬಡಿತ 110 ದಾಟುತ್ತಿದ್ದರೆ, ಇತ್ತೀಚೆಗೆ ಪ್ರಜ್ಞೆ ತಪ್ಪಿದ್ದರೆ, ಹೃದಯದೊಳಗೆ ಹೆಪ್ಪು ಕಂಡಿದ್ದರೆ, ಕಾಲು ಬಾತು ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ನಡಿಗೆ. ಉಳಿದವರು ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ನನಗೆ ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕೆ? ನಡೆಯುವಾಗ ನನ್ನ ಬಡಿತ ಎಲ್ಲಿಯವರೆಗೆ ಏರಬಹುದು? ಟ್ರೆಡ್‌ಮಿಲ್ ಟೆಸ್ಟ್ ಬೇಕೆ? ಕೊನೆಯದು ಎಲ್ಲರಿಗೂ ಬೇಕಾಗುವುದಿಲ್ಲ. ಆದರೆ ಶುಗರ್ ಇರುವವರು, ಎದೆನೋವಿನ ಇತಿಹಾಸ ಇರುವವರು ಕೇಳಲೇಬೇಕು.

ಎರಡನೆಯದು: ನಾಡಿ ಹಿಡಿಯಲು ಕಲಿಯಿರಿ

ಬೆಳಿಗ್ಗೆ ಕಾಫಿಗೆ ಮುಂಚೆ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಎಡಗೈ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ. ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿಸಿದರೆ, ಮೂಳೆ ಮತ್ತು ನರದಂಥ ಗಟ್ಟಿ ಹುರಿಯ ನಡುವಿನ ತಗ್ಗಿನಲ್ಲಿ ನಾಡಿ ಸಿಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದೇ ಮಿಡಿತ ಗೊಂದಲ ಮಾಡುತ್ತದೆ. ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಎಎಫ್‌ಗೆ ಆಗಿಬರುವುದಿಲ್ಲ. ಮೂರು ಮಿಡಿತ ಒತ್ತೊತ್ತಾಗಿ ಬಂದು ನಾಲ್ಕನೆಯದು ತಡವಾಗಬಹುದು, ಒಂದು ಜೋರಾಗಿ ತಟ್ಟಿ ಇನ್ನೊಂದು ಬೆರಳಿಗೆ ಸಿಕ್ಕೂ ಸಿಗದಂತೆ ಜಾರಬಹುದು.

ಹೀಗೆ ಜಾರುವ ಮಿಡಿತಗಳಿಂದಾಗಿಯೇ ಮಣಿಕಟ್ಟಿನ ಲೆಕ್ಕ ನಿಜವಾದ ಹೃದಯ ಬಡಿತಕ್ಕಿಂತ ಕಡಿಮೆ ಬರುವುದುಂಟು. ಸ್ಮಾರ್ಟ್ ವಾಚಿನ ಕಥೆಯೂ ಇದೇ. ವಾಚು 96 ತೋರಿಸಿದರೂ ಹೃದಯ 120 ಬಡಿಯುತ್ತಿರಬಹುದು. ಬಿಪಿ ಮಷಿನ್ ಕೂಡ ಎಎಫ್‌ನಲ್ಲಿ ಒಂದೊಂದು ಸಲ ಒಂದೊಂದು ಅಂಕಿ ಕೊಡುತ್ತದೆ. ನಿಮಿಷ ಬಿಟ್ಟು ಮೂರು ಸಲ ನೋಡಿ ಸರಾಸರಿ ಬರೆದಿಡಿ, ಒಂದೇ ಅಂಕಿಗೆ ಗಾಬರಿಯಾಗಬೇಡಿ.

ಮೂರನೆಯದು: ವೇಗವನ್ನು ಮಾತಿನಿಂದ ಅಳೆಯಿರಿ

ಬಡಿತದ ಗರಿಷ್ಠ ಮಿತಿಗೆ '220ರಿಂದ ವಯಸ್ಸು ಕಳೆಯಿರಿ' ಎಂಬ ಸೂತ್ರ ನಿಮಗಲ್ಲ. ಲಯ ತಪ್ಪಿದಾಗ ಬಡಿತ ಸಿಕ್ಕಾಪಟ್ಟೆ ಏರುತ್ತದೆ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಂಡವರಿಗೆ ಎಷ್ಟು ಓಡಿದರೂ ಅಷ್ಟಾಗಿ ಏರುವುದಿಲ್ಲ. ಎರಡೂ ಕಡೆ ಸೂತ್ರ ದಾರಿ ತಪ್ಪಿಸುತ್ತದೆ.

ನಂಬಬಹುದಾದದ್ದು ಉಸಿರು. ನಡೆಯುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಅದೇ ಮಧ್ಯಮ ವೇಗ. ಹಾಡಬಹುದಾದರೆ ಸ್ವಲ್ಪ ಬಿರುಸು ಮಾಡಿ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ನಿಧಾನಿಸಿ. ಒಬ್ಬರೇ ನಡೆಯುವವರು ಆಗಾಗ ಮನೆಯ ವಿಳಾಸವನ್ನು ಗಟ್ಟಿಯಾಗಿ ಹೇಳಿಕೊಂಡು ನೋಡಬಹುದು. ಶ್ರಮ ಎಷ್ಟು ಅನ್ನಿಸುತ್ತದೆಂದು ಅಂಕಿಯಲ್ಲಿ ಹೇಳಲು ತಜ್ಞರು ಬಳಸುವ 6ರಿಂದ 20ರ ಬೋರ್ಗ್ ಮಾಪಕದಲ್ಲಿ ಇದು ಸುಮಾರು 12–13.

ನಾರ್ವೆ ಪ್ರಯೋಗದಲ್ಲಿ ನಾಲ್ಕು ನಿಮಿಷ ತೀರಾ ಬಿರುಸಾಗಿ, ನಡುನಡುವೆ ನಿಧಾನವಾಗಿ, ಹೀಗೆ ನಾಲ್ಕು ಸುತ್ತು ಮಾಡಿಸಿದ್ದರು. ಅದು ಆಯ್ದ ರೋಗಿಗಳಿಗೆ ಮೇಲ್ವಿಚಾರಣೆಯಲ್ಲಿ ಕೊಟ್ಟ ತರಬೇತಿ. ಕೆನಡಾದ ಒಟ್ಟಾವದಲ್ಲಿ ಬಿಡದೆ ಇರುವ ಎಎಫ್‌ನ 94 ಜನರಲ್ಲಿ ಬಿರುಸಿನ ಚಿಕ್ಕ ಅವಧಿಯ ತರಬೇತಿಯನ್ನೂ ಸಾಮಾನ್ಯ ಮಧ್ಯಮ ವ್ಯಾಯಾಮವನ್ನೂ ಹೋಲಿಸಿದಾಗ ತ್ರಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಿರುಸಿನ ದಾರಿಗೆ ಸಮಯ ಕಡಿಮೆ ಸಾಕು, ಅಷ್ಟೇ. ಮನೆಯಲ್ಲಿ ನೀವೇ ಮಾಡುವುದಾದರೆ ಮಧ್ಯಮ ವೇಗವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೆಯದು: ತಿಂಗಳುಗಳ ಲೆಕ್ಕ

ಮೊದಲ ಎರಡು ವಾರ ದಿನಕ್ಕೆ ಎರಡು ಸಲ ಹತ್ತತ್ತು ನಿಮಿಷ, ವಾರಕ್ಕೆ ಐದು ದಿನ. ತೀರಾ ಕಡಿಮೆ ಅನ್ನಿಸಿದರೂ ಅಷ್ಟೇ ಸಾಕು. ಆಮೇಲೆ ವಾರಕ್ಕೊಮ್ಮೆ ದಿನದ ಲೆಕ್ಕಕ್ಕೆ ಎರಡು ಮೂರು ನಿಮಿಷ ಸೇರಿಸುತ್ತಾ ಹೋದರೆ ಎರಡು ತಿಂಗಳ ಹೊತ್ತಿಗೆ ದಿನಕ್ಕೆ 30 ನಿಮಿಷ, ವಾರಕ್ಕೆ 150 ನಿಮಿಷ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣ ಇದೇ. ಮುಂದಿನ ನಾಲ್ಕು ತಿಂಗಳಲ್ಲಿ ದಿನವನ್ನೋ ನಿಮಿಷವನ್ನೋ ಹೆಚ್ಚಿಸುತ್ತಾ 200ರ ಆಸುಪಾಸಿಗೆ ಬನ್ನಿ. ಅಲ್ಲಿಂದಾಚೆ ಏರಿಸುವ ಅವಸರ ಬೇಡ, ಅಷ್ಟನ್ನೇ ಕಾಪಾಡಿಕೊಳ್ಳಿ.

ಎರಡು ದಿನಕ್ಕಿಂತ ಹೆಚ್ಚು ಸತತವಾಗಿ ಬಿಡಬಾರದು ಎಂಬ ನಿಯಮ ಇಟ್ಟುಕೊಳ್ಳಿ. ಒಮ್ಮೆ ನಡೆದ ಮೇಲೆ ಬಿಪಿ ಮತ್ತು ಸಕ್ಕರೆಯ ಮೇಲಿನ ಪರಿಣಾಮ ಒಂದೆರಡು ದಿನಕ್ಕೆ ಇಳಿದುಹೋಗುತ್ತದೆ. ಭಾನುವಾರ ಒಂದೇ ಸಲ ಮೂರು ಗಂಟೆ ನಡೆದು ಉಳಿದ ದಿನ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಎಎಫ್ ಇರುವವರಿಗೆ ಸುರಕ್ಷಿತವೂ ಹೌದು.

ಮಂಡಿನೋವಿನವರಿಗೆ ಸೈಕಲ್, ಮನೆಯೊಳಗಿನ ಸ್ಥಿರ ಸೈಕಲ್, ನೀರಿನಲ್ಲಿ ನಡೆಯುವುದು ಎಲ್ಲವೂ ನಡೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದಿದ್ದರೆ ಪಡಸಾಲೆಯಲ್ಲಿ ಅತ್ತಿತ್ತ ನಡೆದರೂ ನಾಳಕ್ಕೆ ಸಿಗುವುದು ಅದೇ ಹರಿವು. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಿ. ಬೆವರು ಹರಿದು ನೀರು, ಲವಣ ಕಡಿಮೆಯಾದರೆ ಬಡಿತ ಕೆರಳುತ್ತದೆ.

ಐದನೆಯದು: ಒಂದು ದಿನದ ನಡಿಗೆ ಹೀಗಿರಲಿ

ಎದ್ದ ಕೂಡಲೇ ಓಡಬೇಡಿ. ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಬಿಟ್ಟು ಹೊರಡಿ. ಶುಗರ್ ಮಾತ್ರೆ, ಇನ್ಸುಲಿನ್ ಇದ್ದವರು ಏನಾದರೂ ತಿಂದೇ ಹೋಗಿ. ಮೊದಲ ಏಳೆಂಟು ನಿಮಿಷ ದೇವಸ್ಥಾನಕ್ಕೆ ಹೋಗುವ ನಡಿಗೆ, ತೋಳು ಸಡಿಲ. ನಂತರ ತೋಳು ಬೀಸಿ, ಹೆಜ್ಜೆ ಚುರುಕು ಮಾಡಿ ಮಾತಿನ ಪರೀಕ್ಷೆಯ ವೇಗಕ್ಕೆ ಬನ್ನಿ. ಏರು ಬಂದಾಗ ವೇಗ ತಗ್ಗಿಸಿ, ಉಸಿರು ಅದೇ ಮಟ್ಟದಲ್ಲಿರಲಿ. ಮುಗಿಸುವಾಗ ಏಳೆಂಟು ನಿಮಿಷ ಮತ್ತೆ ನಿಧಾನ.

ಈ ಕೊನೆಯ ಭಾಗವನ್ನು ದಯವಿಟ್ಟು ಬಿಡಬೇಡಿ. ಬಿರುಸಿನಲ್ಲಿದ್ದವರು ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ನಿಂತು ಬಿಪಿ ಕುಸಿದು ತಲೆ ಸುತ್ತುತ್ತದೆ. ಬಿಪಿ ಮಾತ್ರೆ ನುಂಗಿದವರಿಗೆ ಇನ್ನೂ ಬೇಗ. ಕೆಲವರಿಗೆ ಎಎಫ್ ಶುರುವಾಗುವುದೇ ವ್ಯಾಯಾಮ ನಿಲ್ಲಿಸಿ ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ.

ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಒಂಟಿಕಾಲಲ್ಲಿ ನಿಲ್ಲುವುದನ್ನೂ ಸೇರಿಸಿ. ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ. ಯೋಗ ಇಷ್ಟವಿದ್ದರೆ ಮಾಡಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ 49 ಎಎಫ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳ ಯೋಗದಿಂದ ಎಎಫ್ ಕಂತುಗಳೂ ಆತಂಕವೂ ಕಡಿಮೆಯಾಗಿದ್ದವು. ಆದರೆ ಯೋಗ ನಡಿಗೆಯ ಜೊತೆಗಿರಲಿ. ನಾಳದಲ್ಲಿ ಹರಿವು ಏರಿಸುವ ಕೆಲಸ ನಡಿಗೆಯದು.

ಆರನೆಯದು: ಮಾತ್ರೆಗಳ ಜೊತೆ ಹೊಂದಾಣಿಕೆ

ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರಿಗೆ ನಡಿಗೆಯಿಂದ ಅಪಾಯವಿಲ್ಲ, ಬೀಳುವುದರಿಂದ ಇದೆ. ಕಿತ್ತುಹೋದ ಫುಟ್‌ಪಾತ್, ಕತ್ತಲಿನ ರಸ್ತೆ, ಬೀದಿನಾಯಿ ಇರುವ ದಾರಿ ತಪ್ಪಿಸಿ. ಹಿಡಿತವಿರುವ ಶೂ ಹಾಕಿ. ತಲೆಗೆ ಪೆಟ್ಟು ಬಿದ್ದರೆ ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಇಂಥ ಮಾತ್ರೆಗಳಲ್ಲೊಂದಾದ ವಾರ್ಫರಿನ್ ನುಂಗುವವರು ಹೊಸ ಆರೋಗ್ಯ ಕ್ರಮದ ಉತ್ಸಾಹದಲ್ಲಿ ದಿಢೀರನೆ ದಿನಾ ಬಸಳೆ, ಪಾಲಕ್, ನುಗ್ಗೆ ಸೊಪ್ಪು ಶುರುಮಾಡಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಅಂಕಿ) ಏರುಪೇರಾಗುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರತಿವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ. ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಪೊಟ್ಯಾಸಿಯಂ ಪರೀಕ್ಷೆ ಯಾವಾಗ ಎಂದು ಕೇಳಿ. ಬಡಿತ ತಪ್ಪಿದಾಗಷ್ಟೇ ನುಂಗಲು ಫ್ಲೆಕೈನೈಡ್ ಕೊಟ್ಟಿದ್ದರೆ, ನುಂಗಿದ ಮೇಲೆ ಯಾವಾಗ ಮತ್ತೆ ವ್ಯಾಯಾಮ ಮಾಡಬಹುದೆಂದು ಮುಂಚೆಯೇ ಡಾಕ್ಟರಿಂದ ತಿಳಿದಿರಿ. ಅಂದೇ ಬಿರುಸಿನ ವ್ಯಾಯಾಮ ಕೂಡದು.

ಯಾವಾಗ ನಿಲ್ಲಿಸಬೇಕು

ನಡೆಯುತ್ತಿರುವಾಗ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲೆ ಬಂದರೆ, ಎಂದಿಲ್ಲದ ಏದುಸಿರು ಹತ್ತಿದರೆ ಅಲ್ಲೇ ಕೂತುಕೊಳ್ಳಿ. ಕೂತ ಮೇಲೂ ಕೆಲ ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಮುಖ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಒಂದು ನಿಮಿಷವೂ ಕಾಯಬಾರದು. ಎಎಫ್ ಇರುವವರಿಗೆ ಲಕ್ವ ಹೊಡೆಯುವ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ನೀವು ನುಂಗುವ ಮಾತ್ರೆಗಳ ಹೆಸರಿರುವ ಚೀಟಿ ಜೇಬಿನಲ್ಲಿರಲಿ, ಆಸ್ಪತ್ರೆಯ ವೈದ್ಯರ ನಿರ್ಧಾರ ಅದರ ಮೇಲೆ ನಿಂತಿರುತ್ತದೆ.

ಬಡಿತ ತಪ್ಪಿದ್ದು ಗೊತ್ತಾಗುತ್ತಿದೆ, ಆದರೆ ಬೇರೇನೂ ತೊಂದರೆಯಿಲ್ಲ, ಕೂತಾಗ ನಾಡಿ 110ರೊಳಗಿದೆ. ಅಂಥ ದಿನ ಡಾಕ್ಟರು ಬೇಡವೆಂದಿಲ್ಲದಿದ್ದರೆ ನಿಧಾನವಾಗಿ, ಅರ್ಧ ಹೊತ್ತು ನಡೆಯಬಹುದು. ಜ್ವರ, ಭೇದಿ ಇರುವ ದಿನ ಮಾತ್ರ ಪೂರ್ತಿ ವಿಶ್ರಾಂತಿ.

ಅತಿಯಾದರೂ ತೊಂದರೆ

ಮ್ಯಾರಥಾನ್ ಉಮೇದಿನವರಿಗೆ ಒಂದು ಮಾತು. ಸ್ವೀಡನ್ನಿನ 90 ಕಿಲೋಮೀಟರ್ ವಾಸಲೋಪೆಟ್ ಸ್ಕೀ ಓಟದಲ್ಲಿ ಪಾಲ್ಗೊಂಡ 52,755 ಮಂದಿಯ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಹೆಚ್ಚು ಸಲ ಓಟ ಮುಗಿಸಿದವರಲ್ಲಿ ಮತ್ತು ವೇಗವಾಗಿ ಮುಗಿಸಿದವರಲ್ಲಿ ಲಯದ ತೊಂದರೆ ಹೆಚ್ಚಿತ್ತು. ದಿನಾ ಅರ್ಧ ಮುಕ್ಕಾಲು ಗಂಟೆ ನಡೆಯುವವರು ಇದಕ್ಕೆ ಹೆದರಬೇಕಿಲ್ಲ. ವರ್ಷಗಟ್ಟಲೆ ತೀವ್ರ ತರಬೇತಿ ಮಾಡುವವರು ತಜ್ಞರೊಂದಿಗೆ ಕೂತು ಮಾತಾಡಬೇಕು.

ಬರೆದಿಡಿ, ಬಿಟ್ಟರೆ ಮತ್ತೆ ಹಿಡಿಯಿರಿ

ಕ್ಯಾಲೆಂಡರಿನ ಪುಟದಲ್ಲೇ ದಿನದ ನಿಮಿಷ ಬರೆಯಿರಿ. ವಾರಕ್ಕೊಮ್ಮೆ ಬೆಳಗಿನ ನಾಡಿ, ಬಿಪಿ ಸರಾಸರಿ, ತೂಕ. ತೂಕ ಹೆಚ್ಚಿರುವವರು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಳ್ಳಬಹುದು, ಯುರೋಪಿನ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿ ಹೇಳುವುದೂ ಅದನ್ನೇ. ಮದ್ಯದ ಅಭ್ಯಾಸವಿದ್ದರೆ ನಡಿಗೆಯ ಲಾಭವನ್ನು ಅದು ತಿಂದುಹಾಕುತ್ತದೆ. ಆಸ್ಟ್ರೇಲಿಯಾದಲ್ಲಿ 140 ಜನರ ಮೇಲಿನ ಪ್ರಯೋಗದಲ್ಲಿ ಕುಡಿತ ಬಿಟ್ಟವರಲ್ಲಿ ಎಎಫ್ ಮರುಕಳಿಸಿದ್ದು ಶೇ 53, ಮುಂದುವರಿಸಿದವರಲ್ಲಿ ಶೇ 73.

ಮದುವೆ, ಪ್ರಯಾಣ, ಕಾಯಿಲೆ ಅಂತ ಎರಡು ವಾರ ತಪ್ಪಿದರೆ ಹಳೆಯ ಲೆಕ್ಕದ ಅರ್ಧದಿಂದ ಶುರುಮಾಡಿ ಎರಡು ವಾರದಲ್ಲಿ ಮೇಲೆ ಬನ್ನಿ. ತಿಂಗಳೇ ತಪ್ಪಿದ್ದರೆ ಮತ್ತೆ ಹತ್ತತ್ತು ನಿಮಿಷದಿಂದ.

ವರ್ಷ ತುಂಬಿದಾಗ ನೀವು ಬರೆದಿಟ್ಟ ಕ್ಯಾಲೆಂಡರ್ ಪುಟಗಳನ್ನು ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ ತಗ್ಗಿಸಬಹುದೇ ಎಂದು ಅವರು ನೋಡುತ್ತಾರೆ. ಆದರೆ ಬಡಿತ ತಿಂಗಳುಗಳಿಂದ ಸರಿಯಾಗಿದೆ ಅಂತ ಹೆಪ್ಪುಗಟ್ಟದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆ ಮಾತ್ರೆ ಬೇಕೋ ಬೇಡವೋ ಎಂಬುದು ವಯಸ್ಸು, ಬಿಪಿ, ಶುಗರ್, ಹೃದಯದ ದುರ್ಬಲತೆ, ಹಿಂದೆ ಲಕ್ವ ಹೊಡೆದಿತ್ತೇ ಎಂಬ ಲೆಕ್ಕದಿಂದ ತೀರ್ಮಾನವಾಗುತ್ತದೆ. ಲಯ ಮರಳಿದೆಯೇ ಎಂಬುದರಿಂದ ಅಲ್ಲ.